ಹೊನವಾಡದ ಮಧ್ಯಾಹ್ನಗಳು

ವಿಜಯಪುರಕ್ಕೆ ಹೋಗಿಬಂದೆ ಎಂದರೆ ಸಾಕು, ಎದುರಿಗಿದ್ದವರು "ಗೋಳಗುಮ್ಮಟ ನೋಡಿದ್ರಾ? ಕೂಗಿ ನೋಡಿದ್ರಾ?" ಎಂದು ಕೇಳಿಯೇ ಕೇಳುತ್ತಾರೆ. ನೋಡಿದ್ದೇನೆ, ಕೂಗಿಯೂ ಬಂದಿದ್ದೇನೆ. ಆದರೆ ಸೋದರಿಯರೇ, ಇವತ್ತು ನಿಮ್ಮನ್ನು ನಾನು ಕರೆದುಕೊಂಡು ಹೋಗುವುದು ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ತಿಕೋಟಾ ದಾಟಿ, ಮಹಾರಾಷ್ಟ್ರದ ಗಡಿಯ ಹತ್ತಿರ ಇರುವ ಹೊನವಾಡಕ್ಕೆ. ನನ್ನ ಅಕ್ಕನನ್ನು ಕೊಟ್ಟ ಊರು. ಅಲ್ಲಿ ನೋಡುವಂಥದ್ದು ಏನಿದೆ ಅಂತೀರಾ? ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಕ್ಕನ ಪಡಸಾಲೆಯಲ್ಲಿ ಟಿ.ವಿ. ಮುಂದೆ ಕೂಡುವ ಹೆಂಗಸರನ್ನು ನೋಡಬೇಕು. ಧಾರಾವಾಹಿಯೊಳಗಿನ ಕೊಲೆ, ಪ್ರೇಮ, ಸಂಚುಗಳಿಗಿಂತ ಅವರು ಮಾಡುವ ವಿಚಾರಣೆಯೇ ಹೆಚ್ಚು ರಂಗಾಗಿರುತ್ತದೆ.

ನಾನು ಸಿಂದಗಿಯಿಂದ ವಿಜಯಪುರಕ್ಕೆ ಬಂದು ಅಲ್ಲಿ ಬಸ್ಸು ಬದಲಿಸುತ್ತೇನೆ. ಬಸ್ಸು ಊರು ಬಿಟ್ಟು ಐದಾರು ಕಿಲೋಮೀಟರ್ ಹೋದರೆ ತೊರವಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ನರಸಿಂಹದೇವರು ಇರುವುದು ಇಲ್ಲೇ. ಅದೇ ಆಸುಪಾಸಿನಲ್ಲಿ ಸಾಠ್ ಕಬರ್ ಎನ್ನುವ ಜಾಗವೊಂದಿದೆ. ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಸಾಲುಸಾಲಾಗಿ ಗೋರಿಗಳು, ಎಲ್ಲವೂ ಒಂದೇ ಅಳತೆ, ಒಂದೇ ತರಹ. ಅರವತ್ತು ಎಂದು ಹೆಸರು, ಎಣಿಸಿದವರು ಅರವತ್ಮೂರು ಎನ್ನುತ್ತಾರೆ. 1659ರಲ್ಲಿ ಆದಿಲಶಾಹಿಯ ಸರದಾರ ಅಫಜಲಖಾನ ಶಿವಾಜಿಯ ಮೇಲೆ ದಂಡೆತ್ತಿ ಹೋಗುವಾಗ, ನೀನು ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದರಂತೆ. ತಾನು ಸತ್ತ ಮೇಲೆ ಹೆಂಡಿರು ಬೇರೆಯವರ ಪಾಲಾಗಬಾರದೆಂದು ಅಷ್ಟೂ ಮಂದಿಯನ್ನು ಕೊಲ್ಲಿಸಿ ಇಲ್ಲಿ ಹುಗಿಸಿದನಂತೆ. ಒಬ್ಬಾಕೆ ತಪ್ಪಿಸಿಕೊಂಡು ಓಡಿದಳು, ಅವಳನ್ನೂ ಹಿಡಿದು ತಂದರು ಎಂದೂ ಹೇಳುತ್ತಾರೆ. ಇದು ಜನ ಹೇಳಿಕೊಂಡು ಬಂದ ಕಥೆ. ಇತಿಹಾಸ ಹೇಳುವುದು ಇಷ್ಟು: 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಖಾನ ಸತ್ತ, ಅವನ ಗೋರಿ ಅಲ್ಲೇ ಇದೆ. ತನಗಾಗಿ ಇಲ್ಲಿ ಕಟ್ಟಿಸಿಕೊಳ್ಳುತ್ತಿದ್ದ ಗೋರಿ ಖಾಲಿ ಉಳಿಯಿತು.

ನಾನು ಒಮ್ಮೆ ಅಕ್ಕನ ಜೊತೆ ಇಳಿದು ಅಲ್ಲಿ ನಿಂತಿದ್ದೆ. ಅಫಜಲಖಾನನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಇಷ್ಟು ಗೋರಿಗಳಲ್ಲಿ ಮಲಗಿದವರ ಒಂದು ಹೆಸರಾದರೂ ಯಾರ ಬಾಯಲ್ಲೂ ಇಲ್ಲ. ಗೋಳಗುಮ್ಮಟದಲ್ಲಿ ಮಹಮ್ಮದ ಆದಿಲಶಹನ ಪಕ್ಕ ಮಲಗಿದ ನರ್ತಕಿ ರಂಭೆಗೆ ಹೆಸರಾದರೂ ಉಂಟು. ಗೈಡುಗಳು ಹೇಳುವ ಪ್ರೇಮಕಥೆ ಕೇಳಿದ್ದೀರಲ್ಲ? ನನ್ನ ಮೇಲೆ ಪ್ರೀತಿ ಇದ್ದರೆ ಇಲ್ಲಿಂದ ಜಿಗಿ ಎಂದು ಅರಸ ಚೇಷ್ಟೆ ಮಾಡಿದ, ಅವಳು ಜಿಗಿದೇಬಿಟ್ಟಳು. ಎಲ್ಲರೂ ಆಹಾ ಎಂಥ ಪ್ರೀತಿ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮಕ್ಕ ಮಾತ್ರ, "ಜಿಗಿ ಅಂದಾವಂದೇನೂ ತಪ್ಪಿಲ್ಲೇನು?" ಎಂದು ಗೈಡನ್ನೇ ಕೇಳಿದಳು. ಆತ ಮುಂದಿನ ಗೋರಿಯ ಕಡೆ ನಡೆದುಬಿಟ್ಟ.

ತಿಕೋಟಾ ಬಂತೆಂದರೆ ಎರಡೂ ಬದಿಗೆ ದ್ರಾಕ್ಷಿ ಪಡಗಳು. ಒಂದು ಕಾಲಕ್ಕೆ ಬರಗಾಲಕ್ಕೇ ಹೆಸರಾದ ಸೀಮೆ ಇದು. ಬೋರವೆಲ್ಲು, ಟ್ಯಾಂಕರು, ಆಮೇಲೆ ಏತ ನೀರಾವರಿ, ಹೀಗೆ ನೀರಿನ ಹಿಂದೆ ಓಡಿ ಓಡಿ ಇಲ್ಲಿಯ ರೈತರು ದ್ರಾಕ್ಷಿ ಬೆಳೆಸಿದ್ದಾರೆ. ಫೆಬ್ರುವರಿ ಮಾರ್ಚಿನಲ್ಲಿ ಹೋದರೆ ಹೊಲಗಳಲ್ಲಿ ಉದ್ದುದ್ದ ಶೆಡ್ಡುಗಳು, ಒಳಗೆ ಒಂದರ ಮೇಲೊಂದು ಬಲೆ ಕಟ್ಟಿ ದ್ರಾಕ್ಷಿ ಒಣಹಾಕಿರುತ್ತಾರೆ. ಎರಡು ವಾರದೊಳಗೆ ಒಣದ್ರಾಕ್ಷಿ ತಯಾರು. ಅದರ ಕಡ್ಡಿ ಬಿಡಿಸಿ ಆರಿಸುವ ಕೆಲಸ ಬಹುಪಾಲು ಹೆಂಗಸರದು. ಅಕ್ಕನ ಪಡಸಾಲೆಯಲ್ಲಿ ಟಿ.ವಿ. ನೋಡುವ ಕೈಗಳು ಸುಮ್ಮನೆ ಇರುವುದಿಲ್ಲ ಅನ್ನುವುದಕ್ಕೆ ಹೇಳಿದೆ. ಪ್ರತಿಯೊಬ್ಬರ ಮುಂದೆಯೂ ಒಂದು ಮೊರ.

ಹೊನವಾಡ ಸಣ್ಣ ಊರೆಂದು ತಿಳಿಯಬೇಡಿ. ಶಾಸನಗಳಲ್ಲಿ ಇದು ಪೊನ್ನವಾಡ. 1054ರ ಶಾಸನದ ಪ್ರಕಾರ ಈ ಅಗ್ರಹಾರವನ್ನು ಆಳುತ್ತಿದ್ದವಳು ಒಬ್ಬ ಹೆಣ್ಣುಮಗಳು, ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ. ಇಲ್ಲಿ ಚಾಂಕಿರಾಜನೆಂಬುವನು ಕಟ್ಟಿಸಿದ ತ್ರಿಭುವನತಿಲಕ ಎಂಬ ಬಸದಿಗೆ ಆಗ ದಾನ ಬಿಟ್ಟರು. ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಭಾವನವರು ಇದನ್ನು ಹೇಳುವಾಗ ಎದೆ ಉಬ್ಬಿಸುತ್ತಾರೆ. ಮುಂದಿನದನ್ನೂ ಅವರೇ ಹೇಳಿದ್ದು. ಸೋಮೇಶ್ವರ 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ದೊಡ್ಡ ಮಗ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ತಾನೇ ಕುಳಿತ. ಆ ವಿಕ್ರಮಾದಿತ್ಯನ ಆಸ್ಥಾನ ಕವಿ ಬಿಲ್ಹಣ ಕಾವ್ಯ ಬರೆದ. ಅದರಲ್ಲಿ ಕೆಟ್ಟವನು ಯಾರು ಹೇಳಿ? ಅಣ್ಣ! ಅನ್ನ ಹಾಕಿದವನು ಕಥಾನಾಯಕ, ಇಳಿದುಹೋದವನು ಖಳನಾಯಕ. ಕಥೆ ಹೇಳುವವರು ಯಾರೆಂದು ಮೊದಲು ನೋಡಬೇಕು ಎಂಬುದು ಒಂಬೈನೂರು ವರ್ಷದ ಹಿಂದೆಯೂ ಇದ್ದ ಮಾತೇ.

ಈಗ ಪಡಸಾಲೆಗೆ ಬರೋಣ. ಧಾರಾವಾಹಿಗಳು ಬರುವುದು ರಾತ್ರಿ. ಆ ಹೊತ್ತಿಗೆ ಇಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಗಂಡಸರ ಊಟ, ಅವರ ಸುದ್ದಿ ಚಾನೆಲ್ಲು. ಹಾಗಾಗಿ ಇವರಿಗೆಲ್ಲ ಮರುದಿನ ಮಧ್ಯಾಹ್ನದ ಮರುಪ್ರಸಾರವೇ ಗತಿ. ಮಧ್ಯಾಹ್ನದ ಕಥೆ ಹುಟ್ಟಿದ್ದೇ ನಮ್ಮಂಥವರಿಗಾಗಿ ಅನ್ನಿ. ಅಮೆರಿಕದಲ್ಲಿ 1930ರ ಸುಮಾರಿಗೆ ಸಾಬೂನು ಕಂಪನಿಗಳು, ಮನೆಯಲ್ಲಿ ಕೆಲಸ ಮಾಡಿಕೊಂಡಿರುವ ಹೆಂಗಸರು ಕೇಳಲೆಂದು ಹಗಲು ಹೊತ್ತು ರೇಡಿಯೋದಲ್ಲಿ ಕಂತಿನ ನಾಟಕ ಹಾಕಿಸಿದವು. ಅದಕ್ಕೇ ಇವಕ್ಕೆ ಸೋಪ್ ಎಂಬ ಹೆಸರು. 1937ರಲ್ಲಿ ಶುರುವಾದ 'ಗೈಡಿಂಗ್ ಲೈಟ್' ಎಂಬುದು ರೇಡಿಯೋದಿಂದ ಟಿ.ವಿ.ಗೆ ಬಂದು 2009ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ಕೇಳುತ್ತಿದ್ದವರ ಮೊಮ್ಮಕ್ಕಳು ನೋಡಿ ಮುಗಿಸಿದರು. 'ಜನರಲ್ ಹಾಸ್ಪಿಟಲ್' ಎಂಬ ಇನ್ನೊಂದರಲ್ಲಿ 1979ರಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಯ ಮೇಲೆ ಬಲಾತ್ಕಾರ ಮಾಡುತ್ತಾನೆ. ಮುಂದೆ ಅವನೇ ನಾಯಕನಾಗಿ, 1981ರಲ್ಲಿ ಅವಳನ್ನೇ ಮದುವೆಯಾದ. ಆ ಮದುವೆಯನ್ನು ಮೂರು ಕೋಟಿ ಜನ ನೋಡಿದರಂತೆ. ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು.

ನಮ್ಮಲ್ಲಿ 1994ರಲ್ಲಿ ದೂರದರ್ಶನದಲ್ಲಿ ಮಧ್ಯಾಹ್ನ 'ಶಾಂತಿ' ಬರುತ್ತಿತ್ತು. ನಾನಾಗ ಶಾಲೆಯ ಹುಡುಗಿ, ರಜೆ ಇದ್ದಾಗ ನೋಡುತ್ತಿದ್ದೆ. ಹಿಂದಿ ಅರ್ಧ ತಿಳಿಯುತ್ತಿತ್ತು. ತನ್ನ ತಾಯಿಗೆ ಅನ್ಯಾಯ ಮಾಡಿದ ಇಬ್ಬರು ದೊಡ್ಡ ಮನುಷ್ಯರನ್ನು ಬಯಲಿಗೆಳೆಯಲು ಮಗಳು ಅವರ ಬಂಗಲೆಗೇ ಬಂದು ಸೇರುವ ಕಥೆ. ಖಳರು ಯಾರೆಂಬುದಕ್ಕೆ ಅಲ್ಲಿ ಸಂಶಯವೇ ಇರಲಿಲ್ಲ. ಆರು ವರ್ಷ ಕಳೆಯುವುದರೊಳಗೆ ಅತ್ತೆ ಸೊಸೆಯರ ಕಥೆಗಳು ಬಂದವು ನೋಡಿ, ಖಳರೆಲ್ಲ ಸೀರೆ ಉಟ್ಟುಬಿಟ್ಟರು! ದೊಡ್ಡ ಕುಂಕುಮ, ಹಿಂದಿನಿಂದ ಢಂ ಢಂ ಸದ್ದು, ಹಾಲಿನ ಲೋಟಕ್ಕೆ ವಿಷ. ಕನ್ನಡದಲ್ಲಿ 2013ರಿಂದ 2020ರ ಆರಂಭದವರೆಗೆ ನಡೆದ 'ಅಗ್ನಿಸಾಕ್ಷಿ'ಯ ಚಂದ್ರಿಕಾಳನ್ನು ನೀವೂ ಬೈದಿರಬಹುದು. ಪಾತ್ರ ಮಾಡಿದಾಕೆ ಚೆನ್ನಾಗಿಯೇ ಮಾಡಿದಳು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಬೇಕೆಂದಿರುವುದು ಆ ಹೆಸರು ಹೊನವಾಡದ ಓಣಿಗೆ ಬಂದು ಏನು ಮಾಡಿತು ಎಂಬುದನ್ನು.

ಅಕ್ಕನ ಮನೆಯ ಹತ್ತಿರದ ಒಂದು ಕುಟುಂಬ. ಹೆಸರು ಬೇಡ. ಇಬ್ಬರು ಅಣ್ಣತಮ್ಮಂದಿರು, ಒಟ್ಟಿನ ಪಡ, ಒಟ್ಟಿನ ಸಾಲ. ಕಿರಿಯ ಸೊಸೆ ಜತ್ತ ಕಡೆಯವಳು. ಮನೆಮಾತು ಕನ್ನಡವೇ, ಓದಿದ್ದು ಮಾತ್ರ ಮರಾಠಿ ಶಾಲೆ. 2019ರ ದೀಪಾವಳಿಯಾದ ಮೇಲೆ ಕಿರಿಯವನು, ತನ್ನನ್ನು ಕೇಳದೆ ಅಣ್ಣ ಸಾಲ ಎತ್ತಿದ್ದಕ್ಕೆ ಸಿಟ್ಟಾಗಿ ಪಾಲು ಕೇಳಿದ. ಕೇಳಿದವನು ಅವನು, ಸಹಿ ಮಾಡಿದವನು ಅಣ್ಣ. ಆದರೆ ಮನೆ ಮುರಿದವಳು ಎಂಬ ಹೆಸರು ಬಂದದ್ದು ಬಾಯಿ ಬಿಡದೆ ಭಾಂಡೆ ತೊಳೆಯುತ್ತಿದ್ದ ಸೊಸೆಗೆ. "ಕಿವಿ ಊದ್ಯಾಳ" ಅಂದರು. ಯಾರೋ ಒಬ್ಬರು ನಗುತ್ತ "ಚಂದ್ರಿಕಾ" ಎಂದರು. ಅಷ್ಟೇ, ಅಂಟಿಕೊಂಡಿತು. ಓಣಿಯ ಹುಡುಗರು ಅವಳು ನೀರಿಗೆ ಹೋದರೆ ಹಿಂದಿನಿಂದ ಢಂ ಢಂ ಎನ್ನುವರು. ಅವಳ ಐದು ವರ್ಷದ ಮಗ, "ಯವ್ವಾ, ಚಂದ್ರಿಕಾ ಅಂದ್ರ ಏನು?" ಎಂದು ಕೇಳಿದನಂತೆ. ಅವಳು ಪಡಸಾಲೆಗೆ ಬರುವುದನ್ನೇ ಬಿಟ್ಟಳು. 2020ರ ಫೆಬ್ರುವರಿಯಲ್ಲಿ ನಾನು ಹೋದಾಗ, ದ್ರಾಕ್ಷಿ ಸುಗ್ಗಿ ಮುಗಿದ ಕೂಡಲೇ ಅವಳನ್ನು ತವರಿಗೆ ಬಿಟ್ಟುಬರುವ ಮಾತು ನಡೆದಿತ್ತು. ಎಷ್ಟು ದಿನಕ್ಕೆ ಎಂದು ಯಾರೂ ಹೇಳುತ್ತಿರಲಿಲ್ಲ. ಇಂಥ ಮಾತಿನ ಅರ್ಥ ನಿಮಗೆ ಬಿಡಿಸಿ ಹೇಳಬೇಕೆ?

ಆಗ ಪಡಸಾಲೆಯಲ್ಲಿ ಎಲ್ಲರ ಜೀವ 'ಜೊತೆ ಜೊತೆಯಲಿ'. ನಲವತ್ತೈದರ ಆರ್ಯವರ್ಧನ, ಇಪ್ಪತ್ತರ ಅನು ಸಿರಿಮನೆ. ದೊಡ್ಡ ಶ್ರೀಮಂತ, ಸಣ್ಣ ಮಾತು, ಬಡವರ ಹುಡುಗಿಯ ಮೇಲೆ ಅಷ್ಟು ಮರ್ಯಾದೆ. ನಮ್ಮಕ್ಕನಂಥ ಅಕ್ಕನೇ, "ಇಂಥಾ ಗಂಡ ಎಷ್ಟ ಮಂದಿಗೆ ಸಿಗ್ತಾನ" ಎಂದು ನಿಟ್ಟುಸಿರು ಬಿಡುತ್ತಿದ್ದಳು. (ಭಾವನವರು ಕೇಳಿಸಿಕೊಂಡು ಪೇಪರು ಮುಖಕ್ಕೆ ಹಿಡಿಯುವರು.) ಈ ಕಥೆ ಮರಾಠಿಯ 'ತುಲಾ ಪಾಹತೇ ರೇ'ಯಿಂದ ಬಂದದ್ದು. ಅದು 2018ರ ಆಗಸ್ಟಿನಿಂದ 2019ರ ಜುಲೈವರೆಗೆ ಬಂದು ಮುಗಿದಿತ್ತು. ಬೆಂಗಳೂರು ಮೈಸೂರಿನವರಿಗೆ ಮುಂದೇನೆಂದು ಗೊತ್ತಿರಲಿಲ್ಲ. ಗಡಿಯ ಊರಲ್ಲಿ ಗೊತ್ತಿರುವವಳು ಒಬ್ಬಳು ಇದ್ದಳು, ಅವಳೇ ಜತ್ತದ ಸೊಸೆ.

ಒಣದ್ರಾಕ್ಷಿ ಆರಿಸಲು ಕೈ ಸಾಲದೆ ಅಕ್ಕ ಅವಳನ್ನೂ ಅವಳತ್ತೆಯನ್ನೂ ಒತ್ತಾಯ ಮಾಡಿ ಕರೆದಿದ್ದಳು. ಅವಳು ಬಾಗಿಲ ಹತ್ತಿರ ಕುಳಿತಳು. ಟಿ.ವಿ.ಯಲ್ಲಿ ಆರ್ಯವರ್ಧನ ಬಂದ. ಒಬ್ಬ ಹುಡುಗಿ, "ಅಕ್ಕಾರ, ನೀವು ಮರಾಠಿದಾಗ ನೋಡೀರಲ್ಲ, ಮುಂದೇನಾಗ್ತದ ಹೇಳ್ರಿ" ಎಂದು ಕಾಡಿದಳು. ಎರಡು ಸಲ ಬೇಡ ಎಂದಳು. ಮೂರನೆಯ ಸಲ ಮೊರದಿಂದ ತಲೆ ಎತ್ತದೆಯೇ, "ಮದಲನೇ ಹೆಂಡತಿನ್ನ ಕೊಂದಾಂವ ಅವನ. ಆಸ್ತಿಗೋಸ್ಕರ" ಎಂದಳು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಗದ್ದಲವೋ ಗದ್ದಲ. "ಹುಚ್ಚಿ, ಅಂವ ಅಂಥಾವ ಅಲ್ಲ!" "ಮರಾಠಿಯವ್ರು ಏನರ ಮಾಡ್ಲಿ, ನಮ್ಮಾವ ಹಂಗಿಲ್ಲ." "ಮುಖಾ ನೋಡಿದ್ರ ಗೊತ್ತಾಗೂದಿಲ್ಲೇನು?" ನಮ್ಮಕ್ಕ ಕೂಡ, "ಯಾರೋ ಹೆಂಗಸು ಮಾಡಿ ಅವನ ಮ್ಯಾಲ ಹಾಕಿರ್ತಾಳ" ಎಂದಳು. ಗೋಳಗುಮ್ಮಟದಲ್ಲಿ ಗೈಡಿನ ಬಾಯಿ ಮುಚ್ಚಿಸಿದ ಅದೇ ಅಕ್ಕ!

ಆ ಸೊಸೆ ಸದ್ದು ಅಡಗುವವರೆಗೆ ಸುಮ್ಮನಿದ್ದಳು. ಬಳಿಕ ಮೆಲ್ಲಗೆ ಹೇಳಿದಳು: "ಹೆಂಗಸು ಮಾಡ್ಯಾಳ ಅಂದಿದ್ರ ಮದಲನೇ ದಿನಾನ ನಂಬತಿದ್ರಿ."

ಜಾಹೀರಾತು ಬಂತು, ಯಾವುದೋ ಬಟ್ಟೆ ಸೋಪಿನದು. ಅವಳ ಅತ್ತೆ ಮೊರ ತನ್ನ ಕಡೆ ಎಳೆದುಕೊಂಡು ಕಡ್ಡಿ ಬಿಡಿಸತೊಡಗಿದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಏಳುವಾಗ ಮಾತ್ರ, "ನಡಿ, ಎಮ್ಮಿ ಹಿಂಡೂ ಹೊತ್ತಾತು" ಎಂದು ಸೊಸೆಯ ಹೆಸರು ಹಿಡಿದು ಕರೆದರು. ಅವಳ ಸ್ವಂತ ಹೆಸರನ್ನು ನಾನು ಕೇಳಿದ್ದು ಆಗಲೇ.

ಅದರಿಂದ ಮನೆ ಸರಿಹೋಯಿತು ಎಂದು ನಾನು ಹೇಳಲಾರೆ. ಹಾಗಾಗುವುದು ಧಾರಾವಾಹಿಯಲ್ಲಿ. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಗಡಿ ಮುಚ್ಚಿತು, ಬಸ್ಸಿಲ್ಲ, ಜತ್ತಕ್ಕೆ ಯಾರನ್ನೂ ಬಿಟ್ಟುಬರುವ ಹಾಗೇ ಇಲ್ಲ. ಶೂಟಿಂಗ್ ನಿಂತು ಕಥೆಗಳೂ ನಡುದಾರಿಯಲ್ಲಿ ನಿಂತವು. ಹಸಿ ದ್ರಾಕ್ಷಿ ಕೊಳ್ಳುವವರಿಲ್ಲದೆ ಎಲ್ಲರೂ ಇದ್ದಬದ್ದದ್ದನ್ನೆಲ್ಲ ಒಣಹಾಕಿದರು. ಆಳು ಸಿಗದ ಆ ದಿನಗಳಲ್ಲಿ ಆ ಮನೆಯ ಶೆಡ್ಡನ್ನು ಹೊತ್ತವಳು ಈ ಸೊಸೆಯೇ, ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಕನ್ನಡದಲ್ಲೂ ರಾಜನಂದಿನಿಯ ಕಥೆ ಬಿಚ್ಚಿಕೊಳ್ಳುವ ಹೊತ್ತಿಗೆ ತವರಿಗೆ ಬಿಡುವ ಮಾತು ಎಲ್ಲಿಯೋ ಬಿದ್ದುಹೋಗಿತ್ತು. 2021ರಲ್ಲಿ ಪಾಲಾಯಿತು. ಪಡ ಎರಡಾಯಿತು, ಬಾವಿ ಒಟ್ಟಿಗೇ ಉಳಿಯಿತು. ಅಣ್ಣತಮ್ಮಂದಿರಿಗೆ ಮಾತು ಇವತ್ತಿಗೂ ಅಷ್ಟಕ್ಕಷ್ಟೇ. ಅತ್ತೆ ಇರುವುದು ಕಿರಿಯವನ ಕಡೆ.

ನೀವು ಹೊನವಾಡಕ್ಕೆ ಹೋಗುವುದಾದರೆ ಸುಗ್ಗಿಯಲ್ಲಿ ಹೋಗಿ, ಒಣದ್ರಾಕ್ಷಿಯನ್ನು ಶೆಡ್ಡಿನಲ್ಲೇ ಕೊಳ್ಳಿ, ಪೇಟೆಯದಕ್ಕಿಂತ ಅಗ್ಗ. ಯಾರ ಮನೆಯಲ್ಲಾದರೂ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸಿಕ್ಕೇ ಸಿಗುತ್ತದೆ, ಇಲ್ಲವೆನ್ನುವ ಮಂದಿಯಲ್ಲ. ಸಾಠ್ ಕಬರ್ ನೋಡುವುದಿದ್ದರೆ ಬೆಳಿಗ್ಗೆಯೇ ನೋಡಿಬಿಡಿ, ನೆರಳು ಕಡಿಮೆ.

ಹೋದ ಸಲ ಅಕ್ಕನ ಜೊತೆ ಆ ಮನೆಗೆ ಹೋಗಿದ್ದೆ. ಅತ್ತೆ ಮಂಚದ ಮೇಲೆ ಕುಳಿತು ನಮ್ಮನ್ನು ಕಂಡವರೇ, ಹಳೆಯ ರೂಢಿಯಿಂದಲೋ ಬೇಕೆಂದೋ, "ಎಲ್ಲಿ ಹೋದ್ಲು ನಮ್ಮ ಚಂದ್ರಿಕಾ? ಚಾ ಮಾಡಂತ ಹೇಳ್ರಿ" ಎಂದರು. ಒಳಗಿನಿಂದ ಉತ್ತರ ಬಂತು:

"ಇಲ್ಲೇ ಅದೀನ್ರಿ ಅತ್ತಿ, ಇಷ ಕುದಸಾಕತ್ತೀನಿ. ಚಾದಾಗ ಎಷ್ಟು ಹಾಕ್ಲಿ?"

"ಇಷ ಎಷ್ಟರ ಹಾಕು," ಎಂದರು ಅತ್ತೆ, "ಸಕ್ರಿ ಕಡಿಮಿ ಹಾಕು. ಶುಗರ್ ಐತಿ ನನಗ."