ಬೊಗಳದ ನಾಯಿ

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕರು ಸತ್ತಾಗ ‘ಕಾಡುನಾಯಿ ದಾಳಿ’ ಎಂದು ಸುದ್ದಿ ಕಳಿಸಿದವರು ನಾವೇ. ಜಾಗಕ್ಕೆ ಹೋಗಿರಲಿಲ್ಲ. ಮರುದಿನ ಹೋದರೆ ಲೈನ್‌ಮನೆಯ ಅಜ್ಜಿ ನಕ್ಕರು: ‘ರಾತ್ರಿಯಿಡೀ ಬೊಗಳಾಟ ಮಾರಾಯ್ರೆ. ಸೀಳುನಾಯಿ ಎಲ್ಲಾದ್ರೂ ಬೊಗಳ್ತದಾ?’

ನಿಜ. ಸೀಳುನಾಯಿ ಬೀದಿನಾಯಿಯಂತೆ ಬೊಗಳುವುದಿಲ್ಲ. ಶಿಳ್ಳೆ ಹಾಕಿ ಗುಂಪು ಕೂಡಿಸುತ್ತದೆ. ಬೇಟೆಯೂ ಹೆಚ್ಚಾಗಿ ಹಗಲಲ್ಲೇ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ; ಉಳಿದವೂ ತಿಂದ ಮಾಂಸ ಕಕ್ಕಿ ಆ ಮರಿಗಳಿಗೆ ಉಣಿಸುತ್ತವೆ. 1972ರ ವನ್ಯಜೀವಿ ಕಾಯ್ದೆಗೆ ಮುಂಚೆ ಇವನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಭದ್ರಾ, ಕುದುರೆಮುಖ ಕಾಡುಗಳಲ್ಲಿ ಇನ್ನೂ ಉಳಿದಿವೆ.

ನಮ್ಮ ತಿದ್ದುಪಡಿ ಎರಡು ಸಾಲು ಬಂತು. ಅಷ್ಟರಲ್ಲಿ ಯಾರಾದರೂ ಸತ್ತ ಕರುವಿಗೆ ವಿಷ ಸವರಿದ್ದರೆ?

ಈಗ ಇಂಥ ಫೋನ್ ಬಂದರೆ ನಾವು ಮೊದಲು ಕೇಳುವುದು ಒಂದೇ: ‘ಬೊಗಳಿತ್ತಾ?’