ಹಲಸಿನ ಬೀಜವೂ ಕೊಕ್ಕೋ ಕಾಯಿಯೂ

‘ಹಸಿದು ಹಲಸು, ಉಂಡು ಮಾವು’ ಎಂಬುದು ಹಿರಿಯರ ಮಾತು. ಹಣ್ಣು ಮುಗಿದ ಮೇಲೂ ಹಸಿವು ಉಳಿಯುವುದೆಂದು ಬಲ್ಲ ನಮ್ಮ ಕಾಸರಗೋಡು ಸೀಮೆಯ ಗೃಹಿಣಿಯರು ಬೀಜವನ್ನು ಬಿಸುಡಲಿಲ್ಲ. ಕೆಮ್ಮಣ್ಣು ಬಳಿದು ಮೂಲೆಯಲ್ಲಿ ಕಾಪಿಟ್ಟರು. ಉಪ್ಪುನೀರಿನಲ್ಲಿ ಬೇಯಿಸಿ, ಒಣಗಿಸಿ ಸಾಂತಾಣಿ ಮಾಡಿದರು. ಆಟಿಯ ಮಳೆಯಲ್ಲಿ ಅದನ್ನು ಜಗಿಯುತ್ತಲೇ ನಾವೂ ಶಾಲೆಗೆ ನಡೆದವರು.

ಈಗ ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದ ಮಗು ಪೇಟೆಯ ಚಾಕೊಲೇಟು ಹಂಚುವುದು ರೂಢಿ. ಕೂಲಿಯವರ ಮನೆಯ ಹುಡುಗಿಯೊಬ್ಬಳು ವರ್ಷವರ್ಷವೂ ಅದೇ ಒಂದು ದಿನ ಗೈರುಹಾಜರಾಗುತ್ತಿದ್ದುದನ್ನು ಹಾಜರಿ ಪುಸ್ತಕದಲ್ಲಿ ಕಂಡೆವು. ದಾಖಲಾತಿ ಪುಸ್ತಕ ತೆರೆದು ನೋಡಿದರೆ, ಅದು ಅವಳು ಹುಟ್ಟಿದ ದಿನ! ಕಾರಣ ಕೇಳಿ ಅವಳನ್ನು ನೋಯಿಸಲು ಮನಸ್ಸಾಗಲಿಲ್ಲ. ಹಂಚುವುದನ್ನೇ ನಿಷೇಧಿಸಬಹುದಿತ್ತು, ಆದರೆ ಅದರಿಂದ ಉಳಿದವರ ಸಂತೋಷ ಕುಂದೀತೇ ಹೊರತು ಅವಳ ಕೊರತೆ ತುಂಬದು.

ಉಪಾಯ ನಮ್ಮ ಅಡಿಕೆ ತೋಟದಲ್ಲಿಯೇ ಇತ್ತು. ಕೊಕ್ಕೋ ಅಮೆಜಾನ್ ಕಾಡಿನ ಮರ. ಅಡಿಕೆಯ ನೆರಳಿನಲ್ಲಿ ಬೆಳೆಸಿದ ಇದನ್ನು 1980ರ ಸುಮಾರಿಗೆ ಬೆಲೆ ಕುಸಿದಾಗ ಅನೇಕರು ಕಡಿದರು. 1973ರಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಖರೀದಿಗೆ ಮುಂದಾಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ತೆರೆಯಿತು. ಆದರೂ ಕಾಯಿ ಕೊಯ್ಯುವ ಮನೆಯ ಮಕ್ಕಳಿಗೇ ಚಾಕೊಲೇಟಿನ ಮೂಲ ತಿಳಿದಿರಲಿಲ್ಲ.

ಮಳೆ ಹಿಂದೆಗೆದ ಮೇಲೆ ನಮ್ಮ ಮನೆಯವರೂ ಕೆಲವು ತಾಯಂದಿರೂ ಕೆಲಸಕ್ಕಿಳಿದರು. ಹತ್ತು ಕಿಲೋ ಹಸಿಬೀಜವನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಗೋಣಿ ಮುಚ್ಚಿ, ಎರಡು ದಿನಕ್ಕೊಮ್ಮೆ ಮಗುಚುತ್ತ ಆರು ದಿನ ಹುದುಗಿಸಿದೆವು. ಹುದುಗದ ಬೀಜ ಬರಿಯ ಕಹಿ. ವಾರದ ಬಿಸಿಲಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಅರೆದೆವು. ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ನೀರು ಸೋಕಿಸದೆಯೇ ಅದು ನುಣ್ಣನೆಯ ಹಿಟ್ಟಾಗುತ್ತದೆ. ಬೇಯಿಸಿ ಜಜ್ಜಿದ ಅರ್ಧ ಕಿಲೋ ಹಲಸಿನ ಬೀಜಕ್ಕೆ 300 ಗ್ರಾಂ ಬೆಲ್ಲ, ತುಸು ತುಪ್ಪ, ಏಲಕ್ಕಿ ಸೇರಿಸಿ, ಬಾಣಲೆಯ ತಳ ಬಿಡುವವರೆಗೆ ಕಾಯಿಸಿ, 100 ಗ್ರಾಂ ಕೊಕ್ಕೋ ಕಲಸಿ ಉಂಡೆ ಕಟ್ಟಿದರಾಯಿತು.

ಇದೇನೂ ವಿಚಿತ್ರ ಜೋಡಿಯಲ್ಲ. ಯುರೋಪಿನ ಮನೆಗಳಲ್ಲಿ ಶರತ್ಕಾಲದ ಚೆಸ್ಟ್‌ನಟ್ ಬೀಜವನ್ನು ಬೇಯಿಸಿ, ಅರೆದು, ಚಾಕೊಲೇಟಿನೊಡನೆ ಸಿಹಿ ಮಾಡುತ್ತಾರೆ. ನಮ್ಮ ಪಶ್ಚಿಮಘಟ್ಟದ ಹಲಸು ಬ್ರೆಜಿಲನ್ನೂ ಸೇರಿದೆ. ಅದರ ಬೀಜವನ್ನು ಹುದುಗಿಸಿ ಹುರಿದರೆ ಚಾಕೊಲೇಟಿನ ಪರಿಮಳ ಹುಟ್ಟುವುದೆಂದು ಅಲ್ಲಿಯ ಸಾವೊ ಪೌಲೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಮರುವರ್ಷ ಕೇರಳ ಸರಕಾರವು ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ನಮ್ಮಲ್ಲಿ ಮಾತ್ರ ಅದರ ಬೀಜ ಬಡತನದ ಗುರುತಾಗಿಯೇ ಉಳಿದಿತ್ತು.

ಈಗ ಆಯಾ ತಿಂಗಳು ಹುಟ್ಟಿದವರೆಲ್ಲರ ಹಬ್ಬ ತಿಂಗಳ ಕೊನೆಯ ಶುಕ್ರವಾರ, ಒಂದೇ ಡಬ್ಬಿಯಿಂದ ನಡೆಯುತ್ತದೆ. ಬೀಜವನ್ನು ಮನೆಗಳಿಂದಲೇ ತರಿಸುತ್ತೇವೆ. ಮುಗಿದಾಗ ನೆಲಗಡಲೆ ಬಳಸುತ್ತೇವೆ. ಕಳೆದ ಸಲ ಎಲ್ಲರಿಗಿಂತ ಹೆಚ್ಚು ಬೀಜ ತಂದವಳು ಆ ಹುಡುಗಿಯೇ. ಅವಳ ಹಿತ್ತಿಲಿನಲ್ಲಿರುವುದು ಒಂದೇ ಹಲಸು. ಆದರೆ ಮನೆಯವರು ಒಂದು ಬೀಜವನ್ನೂ ಹಾಳುಗೆಡವಿದವರಲ್ಲ.

ಓದುಗ ತಾಯಂದಿರೇ, ಮುಂದಿನ ಮಳೆಗಾಲಕ್ಕೆ ನಾಲ್ಕು ಹಿಡಿ ಬೀಜ ಕಾಪಿಡಿರಿ. ಹಂಚುವ ಸರದಿ ಎಲ್ಲ ಮಕ್ಕಳಿಗೂ ಬರಲಿ.