ಕೂದಲೆಳೆಗಿಂತ ತೆಳು

ನೆಲ್ಯಾಡಿ ಕಡೆ ಕಾರಿರುವ ಮನೆಗಳಲ್ಲಿ ಬೆಳಗ್ಗಿನ ಕೆಲಸವೊಂದು ಉಂಟು. ಚಹಾ ಕುಡಿದು ಅಂಗಳಕ್ಕೆ ಬಂದವರು ಹೆಗಲ ಮೇಲಿನ ಬೈರಾಸು ತೆಗೆದು ಬೋನೆಟ್ಟಿನ ಧೂಳನ್ನು ಒಮ್ಮೆ ಒರೆಸುತ್ತಾರೆ. ರಾಷ್ಟ್ರೀಯ ಹೆದ್ದಾರಿ 75 ನಮ್ಮ ಊರನ್ನು ಹಾದೇ ಶಿರಾಡಿ ಘಾಟಿಗೆ ಹೋಗುತ್ತದೆ. ಬಿ.ಸಿ. ರೋಡಿನಿಂದ ಅಡ್ಡಹೊಳೆವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದ ಮೇಲಂತೂ ಮಳೆ ಬಿಟ್ಟ ತಿಂಗಳುಗಳಲ್ಲಿ ಮುರಕಲ್ಲಿನ ಕೆಂಪು ಧೂಳು ಕೂರದ ಜಾಗವಿಲ್ಲ. ಒರೆಸದೆ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಆ ಧೂಳಿನಲ್ಲಿ ಕ್ವಾರ್ಟ್ಜ್ ಕಣಗಳೂ ಇರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯ ಕೆಳಗೆ ಸಿಕ್ಕ ಒಂದೊಂದು ಕಣವೂ ಹೋದ ದಾರಿಯಲ್ಲಿ ಒಂದೊಂದು ಗೀರು ಎಳೆಯುತ್ತದೆ.

ಈ ಗೀರುಗಳು ನೆರಳಿನಲ್ಲಿ ಕಾಣುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಡುಬಣ್ಣದ ಕಾರಿನ ಮೇಲೆ ಸೂರ್ಯನ ಪ್ರತಿಬಿಂಬ ಬೀಳುತ್ತದಲ್ಲ, ಅದರ ಸುತ್ತ ಜೇಡರ ಬಲೆಯಂತೆ ವರ್ತುಲಗಳು ಎದ್ದು ಕಾಣುತ್ತವೆ. ಸ್ವರ್ಲ್ ಮಾರ್ಕ್ ಎಂದು ಹೇಳುವುದು ಇದನ್ನೇ. ಗೀರುಗಳು ನಿಜಕ್ಕೂ ದುಂಡಗಿರಬೇಕೆಂದಿಲ್ಲ. ಎಲ್ಲ ದಿಕ್ಕಿಗೂ ಇರುವ ಸಾವಿರಾರು ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಅವು ಸಾಲುಗೂಡಿ ಬಳೆಗಳಂತೆ ತೋರುತ್ತವೆ. ನಾವು ಎರಡು ಹೆಜ್ಜೆ ಸರಿದರೆ ಪ್ರತಿಬಿಂಬದ ಜೊತೆ ಬಳೆಗಳೂ ಸರಿಯುತ್ತವೆ.

ನನ್ನ ಭಾವನ ಕಾರು ಕಡುನೀಲಿ ಮೆಟಾಲಿಕ್. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಅಕ್ಕನೂ ಅವರೂ ತುಂಬ ಯೋಚಿಸಿ ಕೊಂಡದ್ದು. ಭಾವ ಅದನ್ನು ಹಟ್ಟಿಯ ದನಗಳಷ್ಟೇ ಅಕ್ಕರೆಯಿಂದ ನೋಡಿಕೊಂಡವರು. ದಿನ ಬೆಳಗಾದರೆ ಬೈರಾಸಿನಲ್ಲಿ ಒರೆಸದೆ ತೋಟಕ್ಕೆ ಇಳಿಯುತ್ತಿರಲಿಲ್ಲ. ಹಾಗಾಗಿ ಬೋನೆಟ್ ತುಂಬ ಬಲೆ ಹರಡಿತ್ತು. ಅವರ ಮಗಳ, ಅಂದರೆ ನನ್ನ ಸೊಸೆಯ ಮದುವೆ ನಿಶ್ಚಯವಾದಾಗ, ಈ ಕಾರನ್ನು ಹೊಸದರಂತೆ ಮಾಡಿಕೊಡುತ್ತೇನೆ ಎಂದು ನಾನೇ ಹೇಳಿದೆ. ಅವರು ಕೇಳಿರಲಿಲ್ಲ.

ಆಗ ನನ್ನ ತಲೆಯಲ್ಲಿದ್ದ ತಿಳಿವಳಿಕೆ ಇಷ್ಟೇ: ಪಾಲಿಶ್ ಎಂದರೆ ಬಣ್ಣಕ್ಕೆ ಏನನ್ನೋ ಹಚ್ಚಿ ಹೊಳಪು ಕೂಡಿಸುವುದು. ಹಿತ್ತಾಳೆ ದೀಪವನ್ನು ಉಜ್ಜಿ ಬೆಳಗಿದಾಗ ಏನು ಆಗುತ್ತದೆ ಎಂದು ಯೋಚಿಸಿದ್ದರೂ ಈ ತಪ್ಪು ಕಲ್ಪನೆ ಉಳಿಯುತ್ತಿರಲಿಲ್ಲ. ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಹೊಳಪು ಇರುವುದು ಈ ಮೇಲಿನ ಪದರದಲ್ಲಿ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ಕಾರ್ಖಾನೆಯಿಂದ ಬರುವಾಗ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಾದರೆ, ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸಾಮಾನ್ಯವಾಗಿ ಈ ಕ್ಲಿಯರ್ ಕೋಟಿಗಿಂತ ದಪ್ಪ. ಗೀರು ತೆಗೆಯುವುದೆಂದರೆ ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಸಮತಟ್ಟು ಮಾಡುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಗ್ರಾನೈಟ್ ಕೆಲಸದ ಗೆಳೆಯನೊಬ್ಬನ ಹತ್ತಿರ ರೋಟರಿ ಪಾಲಿಶಿಂಗ್ ಮೆಷಿನ್ ಇತ್ತು, ಅದನ್ನು ತಂದೆ. ಅವನು ಅದನ್ನು ಕಲ್ಲಿಗೆ ಬಳಸುತ್ತಿದ್ದ ಎಂಬುದು ನನಗೆ ಎಚ್ಚರಿಕೆಯಾಗಿ ಕೇಳಿಸಲೇ ಇಲ್ಲ. ಉಣ್ಣೆಯ ಪ್ಯಾಡ್ ಸಿಕ್ಕಿಸಿ, ಗೀರು ಸವೆಸುವ ಕಾಂಪೌಂಡ್ ಪೇಸ್ಟ್ ಹಚ್ಚಿ, ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಸಂಜೆಯವರೆಗೆ ಉಜ್ಜಿದೆ. ನೋಡಿದವರೆಲ್ಲ ಹೊಗಳಿದರು. ಕನ್ನಡಿಯಂತಿದ್ದ ಬೋನೆಟ್ಟಿನ ಮೇಲೆ ಒಂದೂ ಗೀರಿರಲಿಲ್ಲ.

ಒಂದು ಮಳೆ ಬಂತು. ನೀರು ಇಳಿದು ಬಿಸಿಲು ಬಿದ್ದಾಗ ಹಳೆಯ ಗೀರುಗಳು ಅರ್ಧಕ್ಕರ್ಧ ವಾಪಸು ಬಂದಿದ್ದವು. ಕಾಂಪೌಂಡಿನ ಎಣ್ಣೆ ಅಂಶ ಗೀರುಗಳನ್ನು ತುಂಬಿ ಮರೆಮಾಡಿತ್ತು, ಅಷ್ಟೆ. ಜೊತೆಗೆ ಹೊಸದೊಂದು ಸೇರಿಕೊಂಡಿತ್ತು: ಮೆಷಿನ್ ಹೋದ ಹಾದಿಯುದ್ದಕ್ಕೂ ನೆರಳು-ಬೆಳಕಿನ ಪಟ್ಟೆಗಳು. ರೋಟರಿ ಮೆಷಿನ್ ಬಿಟ್ಟುಹೋಗುವ ಈ ಗುರುತಿಗೆ ಕೆಲಸದವರು ಹೋಲೋಗ್ರಾಮ್ ಎನ್ನುತ್ತಾರೆ. ಇದನ್ನು ಮೃದುವಾದ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ ಸರಿಮಾಡಬೇಕು. ಎರಡು ಅಡಿ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆ ಒರೆಸಿ, ಬಿಸಿಲಿನಲ್ಲಿ ನೋಡಿ ಮುಂದುವರಿಯಬೇಕು. ನನಗೆ ಅದು ಗೊತ್ತಿರಲಿಲ್ಲ ಎನ್ನಲಾರೆ, ಓದಿದ್ದೆ. ಮದುವೆ ಹತ್ತಿರ ಬಂದಿತ್ತು, ಕೊಟ್ಟ ಮಾತು ಹೋಗುತ್ತದೆ ಎಂಬ ಅಂಜಿಕೆ ಇತ್ತು. ವೇಗ ಏರಿಸಿ, ಒತ್ತಿ ಹಿಡಿದು, ಅದೇ ಉಣ್ಣೆಯ ಪ್ಯಾಡಿನಲ್ಲಿ ಮತ್ತೆ ಉಜ್ಜಿದೆ.

ಬೋನೆಟ್ಟಿನ ಬದಿಯಲ್ಲಿ ಉದ್ದಕ್ಕೆ ಒಂದು ಏಣು ಹೋಗುತ್ತದೆ. ಹಸಿ ಬಣ್ಣ ಅಂಚಿನಿಂದ ಆಚೀಚೆ ಸರಿದು ನಿಲ್ಲುವುದರಿಂದ ಅಂಥ ಕಡೆ ಪದರ ಮೊದಲೇ ತೆಳು. ಪ್ಯಾಡ್ ಅಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಡವೂ ಬಿಸಿಯೂ ಒಂದೇ ಗೆರೆಯ ಮೇಲೆ ಬೀಳುತ್ತದೆ. ಏಣಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಸಾಕಿತ್ತು. ಬಿಳಿ ಉಣ್ಣೆಗೆ ತೆಳುವಾಗಿ ನೀಲಿ ಹತ್ತಿದ್ದು ಕಂಡಿತು. ಕ್ಲಿಯರ್ ಕೋಟ್ ಇಲ್ಲದ ಹಳೆಯ ಮಾದರಿಯ ಬಣ್ಣವಾದರೆ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ. ಮೆಟಾಲಿಕ್ ಕಾರಿನಲ್ಲಿ ಹತ್ತಿತೆಂದರೆ ಮೇಲಿನ ಪದರ ಮುಗಿದು ಕೆಳಗಿನ ಬಣ್ಣ ಏಳುತ್ತಿದೆ ಎಂದರ್ಥ. ನಾನು ಅದನ್ನು ಕೊಳೆ ಎಂದುಕೊಂಡು ಇನ್ನೆರಡು ಸಲ ಎಳೆದೆ. ಒರೆಸಿ ನೋಡಿದಾಗ ಹೆಬ್ಬೆರಳಿನಷ್ಟು ಉದ್ದದ ಮಂಕು ಕಲೆ, ಅದರ ನಡುವೆ ಪ್ರೈಮರಿನ ಬೂದು ಗೆರೆ. ಕೈ ಇಟ್ಟರೆ ತಗಡು ಬಿಸಿಯಾಗಿತ್ತು.

ಉಪ್ಪಿನಂಗಡಿ ಕಡೆಯ ಪೈಂಟರ್ ಒಬ್ಬರು ಬೆರಳಿನಿಂದ ಮುಟ್ಟಿ ನೋಡಿ ಹೇಳಿದರು: “ಇದು ಪಾಲಿಶ್‌ನಲ್ಲಿ ಹೋಗುದಲ್ಲ ಅಣ್ಣ, ಕ್ಲಿಯರ್ ಹೋಗಿ ಆಗಿದೆ. ಇಡೀ ಬೋನೆಟ್ಟಿಗೇ ಹೊಡೀಬೇಕು.” ಮೆಟಾಲಿಕ್ ಬಣ್ಣವನ್ನು ಒಂದು ಚುಕ್ಕೆಗೆ ಮಾತ್ರ ಹೊಡೆದರೆ ತೇಪೆ ಎದ್ದು ಕಾಣುತ್ತದೆ. ಇಡೀ ಬೋನೆಟ್ಟಿಗೆ ಹೊಡೆಸಲು ಮದುವೆಗೆ ಮೊದಲು ಸಮಯವಿರಲಿಲ್ಲ. ಕಲೆ ಇದ್ದ ಕಾರಿನಲ್ಲೇ ಸೊಸೆ ಮದುವೆ ಹಾಲ್‌ಗೆ ಹೋದಳು.

ಭಾವ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ನೀನು ಒಳ್ಳೇದಕ್ಕೇ ಮಾಡಿದ್ದಲ್ವಾ ಮಾರಾಯ, ಇರಲಿ,” ಅಂದರು. ಆ ಮಾತು ಇಂದಿಗೂ ನನ್ನಲ್ಲಿ ಉಳಿದಿದೆ. ಅವರು ಬೈರಾಸಿನಲ್ಲಿ ಒರೆಸಿದ್ದೂ ಒಳ್ಳೆಯದಕ್ಕೇ. ಆದರೆ ಅವರ ಅಷ್ಟು ವರ್ಷಗಳ ಒರೆಸುವಿಕೆಯಿಂದ ಆಗದ ನಷ್ಟ ನನ್ನ ಅವಸರದಿಂದ ಆಯಿತು. ಗೀರು ಬಿದ್ದ ಕಾರಿಗೆ ಕ್ಲಿಯರ್ ಕೋಟ್ ಇತ್ತು; ಭಾವನ ಗೀರುಗಳನ್ನು ತಪ್ಪೆಂದು ಕಂಡ ನಾನೇ ಅದನ್ನು ತೆಗೆದುಹಾಕಿದೆ.

ಆಮೇಲೆ ಈ ಕೆಲಸವನ್ನು ಬಲ್ಲವರ ಹತ್ತಿರ ನಿಂತು ನೋಡಿದೆ. ರೋಟರಿಯಲ್ಲಿ ಪ್ಯಾಡ್ ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ಕೈ ಸ್ವಲ್ಪ ನಿಂತರೂ ಬಿಸಿ ಏರುತ್ತದೆ. ಡ್ಯುಯಲ್ ಆಕ್ಷನ್ ಮೆಷಿನ್‌ನಲ್ಲಿ ಪ್ಯಾಡ್ ತಾನೂ ತಿರುಗಿ, 15 ಅಥವಾ 21 ಮಿಲಿಮೀಟರ್ ಅಳತೆಯ ಸಣ್ಣ ಸುತ್ತನ್ನೂ ಹಾಕುತ್ತದೆ. ಸಾಮಾನ್ಯ ಮಾದರಿಯದನ್ನು ಅತಿಯಾಗಿ ಒತ್ತಿದರೆ ಪ್ಯಾಡಿನ ತಿರುಗಾಟವೇ ನಿಂತುಬಿಡುತ್ತದೆ. ಕಲಿಯುವವರಿಗೆ ಅದು ದೊಡ್ಡ ರಕ್ಷಣೆ. ಆದರೆ ಮೆಷಿನ್ ಬದಲಿಸಿದ್ದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಅವರು ಬಿಟ್ಟುಬಿಡುತ್ತಿದ್ದ ಗೀರುಗಳು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಅವರು ಪೂರ್ತಿ ತೆಗೆಯಲು ಹೋಗುವುದೇ ಇಲ್ಲ. ಅಂಚು ಸ್ವಲ್ಪ ಮೃದುವಾಗುವಂತೆ ಮಾಡಿ ಮುಂದೆ ಹೋಗುತ್ತಾರೆ. ದಪ್ಪ ಅಳೆಯುವ ಮೀಟರನ್ನು ತಗಡಿಗೆ ತಾಗಿಸಿ ಅಂಕಿ ನೋಡದೆ ಮೆಷಿನ್ ಎತ್ತುವುದಿಲ್ಲ. ಆ ಮೀಟರ್ ತೋರಿಸುವುದು ಒಟ್ಟು ದಪ್ಪವನ್ನು. ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ, ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ಬಲ್ಲವರು ಯಾವಾಗಲೂ ಅತಿ ಮೃದುವಾದ ಪ್ಯಾಡಿನಿಂದ ಶುರುಮಾಡುತ್ತಾರೆ. ಅದರಿಂದ ಆಗದಿದ್ದರೆ ಮಾತ್ರ ಒಂದು ಹೆಜ್ಜೆ ಗಡುಸು.

ಭಾವನ ಬೋನೆಟ್ಟಿಗೆ ಹೊಸ ಬಣ್ಣ ಹೊಡೆಸಿಕೊಟ್ಟೆ. ಇಳಿಬಿಸಿಲಿನಲ್ಲಿ ನೋಡಿದರೆ ಬೋನೆಟ್ಟಿನ ನೀಲಿಗೂ ಬಾಗಿಲಿನ ನೀಲಿಗೂ ಸ್ವಲ್ಪ ವ್ಯತ್ಯಾಸ ಉಂಟು. ಬಾಗಿಲುಗಳ ಮೇಲಿನ ಬಲೆಯನ್ನು ನಾನು ಮುಟ್ಟಿಲ್ಲ. ಈಗ ಅಕ್ಕನ ಮನೆಯಲ್ಲಿ ಮೊದಲು ಪೈಪಿನ ನೀರು ಬಿಟ್ಟು ಧೂಳು ಇಳಿಸುತ್ತಾರೆ. ಶಾಂಪೂ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಒರೆಸಲು ಮೈಕ್ರೋಫೈಬರ್ ಬಟ್ಟೆ. ಅದು ನೆಲಕ್ಕೆ ಬಿದ್ದರೆ ತೊಳೆಯದೆ ಮತ್ತೆ ಕಾರಿಗೆ ತಾಗಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಅಷ್ಟಾದರೂ ಮಾಡಿ. ಗೀರು ತೆಗೆಸಲೇಬೇಕೆಂದು ಅಂಗಡಿಗೆ ಕೊಡುವುದಾದರೆ, ಮೆಷಿನ್ ಎತ್ತುವ ಮೊದಲು ಮೀಟರ್ ಇಟ್ಟು ದಪ್ಪ ತೋರಿಸಿ ಎಂದು ಕೇಳಿ. ಒಂದು ಚಿಕ್ಕ ಜಾಗ ಮಾಡಿಸಿ, ಎಣ್ಣೆ ಒರೆಸಿಸಿ, ಬಿಸಿಲಿಗೆ ತಂದು ನೋಡಿ. ಕೇಳಲು ಸಂಕೋಚ ಬೇಡ. ಅಳೆಯಲು ಒಪ್ಪದವರ ಕೈಗೆ ಕಾರು ಕೊಡಬೇಡಿ.